ಮಿಂಚಿನ ಬೆಳಕಲ್ಲಿ ಸುಂಟರಗಾಳಿ: ರಾತ್ರಿ ಹೊತ್ತು ಫೋಟೊ ತೆಗೆಯುವ ಬಗೆ

ಒಂದು ಮಿಂಚಿಗೆ ಕಂಡಿತು. ಮೋಡದ ಹೊಟ್ಟೆಯಿಂದ ನೆಲದವರೆಗೆ ಇಳಿಬಿದ್ದ ಕಪ್ಪು ಸೊಂಡಿಲು. ಮಿಂಚು ಆರಿತು, ಮತ್ತೆ ಕಗ್ಗತ್ತಲು. ಮುಂದಿನ ಮಿಂಚಿಗೆ ನಾಲ್ಕು ಸೆಕೆಂಡ್ ಹಿಡಿಯಿತು. ಆ ನಾಲ್ಕು ಸೆಕೆಂಡಿನಲ್ಲಿ ಅದು ಎತ್ತ ಸರಿಯಿತು ಎಂದು ಹೇಳಲಾಗದಿದ್ದರೆ ನೀವು ಅಲ್ಲಿ ಕ್ಯಾಮೆರಾ ಹಿಡಿದು ನಿಂತಿರಬಾರದು. ಈ ಬರಹದ ಅರ್ಧದಷ್ಟು ಕ್ಯಾಮೆರಾ ಬಗ್ಗೆ ಇಲ್ಲವೇ ಇಲ್ಲ, ಅದಕ್ಕೆ ಕಾರಣ ಇದೇ.

ನಾನಿರುವುದು ಅಮೆರಿಕದ ಡಾಲಸ್ ಹತ್ತಿರ. ಮೇ ತಿಂಗಳು ಬಂತೆಂದರೆ ರಜೆ ಉಳಿಸಿಟ್ಟುಕೊಂಡು ಐ-35 ಹೆದ್ದಾರಿ ಹಿಡಿದು ಉತ್ತರಕ್ಕೆ, ಒಕ್ಲಹಾಮ, ಕಾನ್ಸಸ್ ಬಯಲಿಗೆ ಹೋಗುತ್ತೇನೆ. ಊರಲ್ಲಿ ಭರಣಿ, ಕೃತ್ತಿಕೆ ಮಳೆಗೆ ಕಾಯುವ ಹೊತ್ತಿಗೆ ಇಲ್ಲಿ ಸುಂಟರಗಾಳಿಯ ಕಾಲ. ಊರಿನವರಿಗೆ ಒಂದು ಮಾತು: ಬೇಸಿಗೆಯಲ್ಲಿ ಹೊಲದ ನಡುವೆ ತರಗೆಲೆ ಎತ್ತಿಕೊಂಡು ಗಿರಗಿರ ಸುತ್ತುವ ಗಾಳಿಯನ್ನೂ ನಾವು ಸುಂಟರಗಾಳಿ ಎಂದೇ ಕರೆಯುತ್ತೇವೆ. ಇದು ಅದಲ್ಲ. ಇದು ಹತ್ತು ಹನ್ನೆರಡು ಕಿ.ಮೀ. ಎತ್ತರದ ಗುಡುಗುಮೋಡಕ್ಕೆ ಜೋತುಬಿದ್ದಿರುವ ಟಾರ್ನೆಡೊ.

ಮೊದಲು, ಹೋಗಬೇಕೋ ಬೇಡವೋ

ಸೂರ್ಯ ಮುಳುಗಿದ ಮೇಲೆ ನೆಲ ತಣಿಯುತ್ತದೆ, ಗುಡುಗುಮೋಡಗಳ ಕಸುವೂ ಇಳಿಯಬೇಕು. ಆದರೆ ಈ ಬಯಲಿನಲ್ಲಿ ಕತ್ತಲಾಗುತ್ತಿದ್ದಂತೆ ನೆಲದಿಂದ ಕೆಲವು ನೂರು ಮೀಟರ್ ಮೇಲೆ ದಕ್ಷಿಣದ ಗಾಳಿ ಬಿರುಸಾಗುತ್ತದೆ. ಮೆಕ್ಸಿಕೊ ಕೊಲ್ಲಿಯ ತೇವವನ್ನು ಹೊತ್ತು ತರುವುದೂ ಅದೇ, ಕೆಳಗಿನ ಗಾಳಿಗೂ ಮೇಲಿನ ಗಾಳಿಗೂ ವ್ಯತ್ಯಾಸ ಹೆಚ್ಚಿಸಿ ಮೋಡಕ್ಕೆ ತಿರುಗುವ ಬಲ ಕೊಡುವುದೂ ಅದೇ. ಹಾಗಾಗಿ ಸಂಜೆ ಎಂಟೂವರೆಗೆ ಹೊತ್ತು ಮುಳುಗಿದರೂ ಹತ್ತು, ಹನ್ನೊಂದು ಗಂಟೆವರೆಗೆ ಆಟ ಮುಗಿದಿರುವುದಿಲ್ಲ.

2007ರ ಮೇ 4ರಂದು ಕಾನ್ಸಸ್‌ನ ಗ್ರೀನ್ಸ್‌ಬರ್ಗ್‌ಗೆ ಸುಂಟರಗಾಳಿ ನುಗ್ಗಿದಾಗ ರಾತ್ರಿ ಒಂಬತ್ತೂ ಮುಕ್ಕಾಲರ ಸುಮಾರು. ಅಗಲ 1.7 ಮೈಲಿ, ಅಂದರೆ 2.7 ಕಿ.ಮೀ. ಊರಿನ ಶೇ. 95ರಷ್ಟು ನೆಲಸಮವಾಯಿತು. ದೂರದಲ್ಲಿದ್ದವರಿಗೆ ಅದು ಕಂಡದ್ದು ಮಿಂಚಿದಾಗ ಮಾತ್ರ, ಅದೂ ಸೊಂಡಿಲಿನಂತಲ್ಲ, ದಿಗಂತಕ್ಕೆ ಅಡ್ಡಲಾಗಿ ಎದ್ದ ಗೋಡೆಯಂತೆ. ರಾತ್ರಿಯ ಸುಂಟರಗಾಳಿ ಜೀವ ತೆಗೆಯುವ ಸಂಭವ ಹಗಲಿನದಕ್ಕಿಂತ ಸುಮಾರು ಎರಡೂವರೆ ಪಟ್ಟು ಹೆಚ್ಚು ಎಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಅದರಲ್ಲಿ ಮನೆಯೊಳಗೆ ಮಲಗಿದವರ ಪಾಲು ದೊಡ್ಡದು. ನಾವೋ ಎಚ್ಚರವಿದ್ದೂ ಹುಡುಕಿಕೊಂಡು ಹೋಗುವವರು.

ಆದ್ದರಿಂದ ನನ್ನ ಕಟ್ಟುನಿಟ್ಟು ಎರಡು. ಒಂದು, ಮಿಸಿಸಿಪ್ಪಿ, ಅಲಬಾಮ, ಟೆನೆಸಿ ಕಡೆ ರಾತ್ರಿ ಹೋಗುವುದಿಲ್ಲ. ಅಲ್ಲಿ ಮರ, ಗುಡ್ಡ, ತಿರುವು ರಸ್ತೆ. ಮೋಡಗಳ ಓಟವೂ ಹೆಚ್ಚು. ಮಿಂಚಿದರೂ ಕಾಣುವುದು ಎದುರಿನ ಮರವೇ. ಎರಡು, ಹಗಲಿನಲ್ಲಿ ಹತ್ತು ಹದಿನೈದು ಬಾರಿಯಾದರೂ, ತನ್ನೊಳಗೇ ತಿರುಗುವ ದೈತ್ಯ ಗುಡುಗುಮೋಡವಾದ ಸೂಪರ್‌ಸೆಲ್ ಹಿಂದೆ ತಿರುಗಿ ಅದರ ಅಂಗಾಂಗ ಗುರುತಿಸಲು ಬಾರದವರನ್ನು ರಾತ್ರಿ ಕರೆದುಕೊಂಡು ಹೋಗುವುದಿಲ್ಲ. ರಾಷ್ಟ್ರೀಯ ಹವಾಮಾನ ಸೇವೆಯವರು ನಡೆಸುವ ಸ್ಕೈವಾರ್ನ್ (ಬಿರುಗಾಳಿ ಗುರುತಿಸಲು ಕಲಿಸುವ) ತರಬೇತಿಗೆ ದುಡ್ಡು ಕೊಡಬೇಕಿಲ್ಲ. ಅದನ್ನು ಮುಗಿಸದೆ ಮುಂದಿನ ಸಾಲು ಓದಬೇಡಿ ಎಂದರೆ ನೀವು ಕೇಳುವವರಲ್ಲ, ಆದರೂ ಹೇಳಿದ್ದೇನೆ.

ಹಗಲಿನಲ್ಲೇ ಮುಗಿಸಬೇಕಾದ ಕೆಲಸ

ಬೆಳಗ್ಗೆ ಎದ್ದೊಡನೆ ಒಕ್ಲಹಾಮದ ನಾರ್ಮನ್ ಪಟ್ಟಣದಲ್ಲಿರುವ ಸ್ಟಾರ್ಮ್ ಪ್ರಿಡಿಕ್ಷನ್ ಸೆಂಟರ್‌ನ ಮುನ್ಸೂಚನೆ ನೋಡಿ. ಅಪಾಯವನ್ನು ಅವರು ಮಾರ್ಜಿನಲ್‌ನಿಂದ ಹೈ ತನಕ ಐದು ಮೆಟ್ಟಿಲಲ್ಲಿ ಹೇಳುತ್ತಾರೆ. ಬಣ್ಣದ ನಕ್ಷೆ ನೋಡಿ ಓಡಬೇಡಿ, ಕೆಳಗಿನ ಬರಹ ಓದಿ. ಕತ್ತಲಾದ ಮೇಲೂ ಮೋಡ ಬಿಡಿಬಿಡಿಯಾಗಿ ಉಳಿಯುತ್ತದೋ, ಸಾಲುಗಟ್ಟಿಕೊಂಡು ಬರುತ್ತದೋ ಎಂಬುದು ಅಲ್ಲಿರುತ್ತದೆ. ಸಾಲುಗಟ್ಟುತ್ತದೆ ಎಂದಿದ್ದರೆ ರಾತ್ರಿಯ ಫೋಟೊ ಮರೆತುಬಿಡಿ. ನಮಗೆ ಬೇಕಿರುವುದು ಒಂಟಿಯಾಗಿ ನಿಂತ, ಸುತ್ತ ಬಯಲು ಕಾಣುವ ಸೂಪರ್‌ಸೆಲ್. ರಾತ್ರಿ ಎಂಟಕ್ಕೆ ಇನ್ನೊಂದು ಪರಿಷ್ಕೃತ ಮುನ್ಸೂಚನೆ ಬರುತ್ತದೆ. ಅದನ್ನು ಓದಿದ ಮೇಲೂ ಮನಸ್ಸು ಗಟ್ಟಿಯಿದ್ದರೆ ಮುಂದುವರಿಯಿರಿ.

ಆಮೇಲೆ ರಸ್ತೆ. ಒಕ್ಲಹಾಮ, ಕಾನ್ಸಸ್‌ಗಳ ಹಳ್ಳಿಗಾಡಿನಲ್ಲಿ ರಸ್ತೆಗಳು ಮೈಲಿಗೊಂದರಂತೆ ಚದುರಂಗದ ಮಣೆ ಹಾಗೆ ಹಾಸಿಕೊಂಡಿವೆ. ನಕ್ಷೆಯಲ್ಲಿ ಎಲ್ಲವೂ ಒಂದೇ ಥರ ಕಾಣುತ್ತವೆ, ಆದರೆ ಬಹಳಷ್ಟು ಮಣ್ಣಿನವು. ಒಮ್ಮೆ ಪಶ್ಚಿಮ ಒಕ್ಲಹಾಮದಲ್ಲಿ ನಕ್ಷೆಯ ಗೆರೆ ನಂಬಿ ಬಾಡಿಗೆ ಕಾರನ್ನು ಒಂದು ಅಡ್ಡರಸ್ತೆಗೆ ಇಳಿಸಿದೆ. ಅಲ್ಲಿನ ಕೆಂಪು ಜೇಡಿ ನೆನೆದರೆ ನಮ್ಮ ಉತ್ತರ ಕರ್ನಾಟಕದ ಎರೆಮಣ್ಣಿಗೇನೂ ಕಡಿಮೆಯಿಲ್ಲ. ಟೈರಿಗೆ ಹೂರಣದ ಹಾಗೆ ಮೆತ್ತಿಕೊಂಡು ಕಾರು ಚರಂಡಿ ಕಡೆಗೆ ಮೆಲ್ಲಗೆ ಜಾರಿತು. ಸುಂಟರಗಾಳಿ ಆ ಹೊತ್ತಿಗೆ ಉತ್ತರಕ್ಕೆ ಹೋಗಿತ್ತು, ನನ್ನ ಪುಣ್ಯ. ಬೆಳಗ್ಗೆ ರೈತರೊಬ್ಬರು ಟ್ರ್ಯಾಕ್ಟರ್ ತಂದು ಎಳೆದರು. ಅಂದಿನಿಂದ ಬೆಳಕಿರುವಾಗಲೇ ಆ ಜಾಗಕ್ಕೆ ಹೋಗಿ ಟಾರು ಎಲ್ಲಿ ಮುಗಿಯುತ್ತದೆ ಎಂದು ಕಣ್ಣಾರೆ ನೋಡುತ್ತೇನೆ. ಕೆನೇಡಿಯನ್, ಸಿಮರಾನ್ ನದಿಗಳ ಆಸುಪಾಸಿನಲ್ಲಿದ್ದರೆ ಸೇತುವೆ ಎಲ್ಲೆಲ್ಲಿದೆ ಎಂದು ಬರೆದಿಟ್ಟುಕೊಳ್ಳಿ. ಹತ್ತಾರು ಕಿ.ಮೀ.ಗೆ ಒಂದು ಸೇತುವೆ ಎಂದರೆ ನಿಮಗಿರುವುದು ಒಂದೇ ದಾರಿ. ಪೆಟ್ರೋಲ್ ಟ್ಯಾಂಕ್ ಸಂಜೆ ಆರಕ್ಕೇ ತುಂಬಿರಲಿ.

ಎಲ್ಲಿ ನಿಲ್ಲಬೇಕು

ಇಲ್ಲಿನ ಸೂಪರ್‌ಸೆಲ್ ಸಾಮಾನ್ಯವಾಗಿ ನೈಋತ್ಯದಿಂದ ಈಶಾನ್ಯದ ಕಡೆ ಸಾಗುತ್ತದೆ. ಮಳೆ, ಆಲಿಕಲ್ಲು ಎಲ್ಲ ಅದರ ಉತ್ತರ, ಈಶಾನ್ಯ ಮಗ್ಗುಲಲ್ಲಿ. ಸೊಂಡಿಲು ಇಳಿಯುವುದು ನೈಋತ್ಯದ ತುದಿಯಲ್ಲಿ, ರೇಡಾರ್‌ನಲ್ಲಿ ಕೊಕ್ಕೆಯಂತೆ ಬಾಗಿ ಕಾಣುವ ಜಾಗದಲ್ಲಿ. ನೀವು ಅದಕ್ಕೆ ಆಗ್ನೇಯದಲ್ಲಿ ನಿಂತು ವಾಯವ್ಯಕ್ಕೆ ಮುಖ ಮಾಡಬೇಕು. ಹೀಗೆ ನಿಂತರೆ ಸುಂಟರಗಾಳಿಯ ಹಿಂದೆ ಮಳೆಯ ಪರದೆ ಇರುತ್ತದೆ. ಮಿಂಚು ಹೆಚ್ಚಾಗಿ ಆಡುವುದೂ ಆ ಕಡೆಯೇ. ತೊಗಲುಗೊಂಬೆಯಾಟದ ಪರದೆ ನೆನಪಿಸಿಕೊಳ್ಳಿ: ದೀಪ ಹಿಂದೆ, ಗೊಂಬೆ ನಡುವೆ, ನಾವು ಮುಂದೆ. ಪಶ್ಚಿಮಕ್ಕೋ ಉತ್ತರಕ್ಕೋ ಹೋಗಿ ನಿಂತರೆ ದೀಪವಿದ್ದ ಕಡೆಯೇ ಕೂತು ಆಟ ನೋಡಿದ ಹಾಗೆ, ಮೇಲೆ ಆಲಿಕಲ್ಲಿನ ಸೇವೆ ಬೇರೆ.

ದೂರ ಎಷ್ಟು? ಹಗಲಿನಲ್ಲಿ ಮೂರು ಕಿ.ಮೀ.ಗೆ ಹೋಗುವವರು ರಾತ್ರಿ ಎಂಟರಿಂದ ಹನ್ನೆರಡು ಕಿ.ಮೀ. ಇಟ್ಟುಕೊಳ್ಳಿ. ಬಲಿತ ಸೂಪರ್‌ಸೆಲ್‌ಗೆ ಬಲಕ್ಕೆ ತಿರುಗುವ ಚಾಳಿಯಿದೆ. ಅಂದರೆ ಅದು ಪೂರ್ವಕ್ಕೋ ಆಗ್ನೇಯಕ್ಕೋ ಹೊರಳಿ ಸೀದಾ ನಿಮ್ಮ ಕಡೆಗೇ ಬರಬಹುದು. 2013ರ ಮೇ 31ರಂದು ಒಕ್ಲಹಾಮದ ಎಲ್ ರೀನೊ ಬಳಿ ಹೀಗೆಯೇ ಆಗ್ನೇಯಕ್ಕೆ ಹೊರಟ ಸುಂಟರಗಾಳಿ ಆಮೇಲೆ ಈಶಾನ್ಯಕ್ಕೆ ತಿರುಗಿತು. ತಿರುಗುತ್ತಲೇ 2.6 ಮೈಲಿ ಅಗಲಕ್ಕೆ ಹಿಗ್ಗಿ ಟಿಮ್ ಸಮಾರಸ್, ಅವರ ಮಗ ಪಾಲ್ ಮತ್ತು ಜೊತೆಗಾರ ಕಾರ್ಲ್ ಯಂಗ್ ಇದ್ದ ಕಾರನ್ನು ನುಂಗಿತು. 2003ರಲ್ಲಿ ಸುಂಟರಗಾಳಿಯ ಹಾದಿಯಲ್ಲಿ ಉಪಕರಣವಿಟ್ಟು 100 ಮಿಲಿಬಾರ್ ಒತ್ತಡ ಕುಸಿದದ್ದನ್ನು ಅಳೆದವರು ಈ ಸಮಾರಸ್, ಹೊಸಬರಲ್ಲ. ಆಗಿನ್ನೂ ಬೆಳಕಿತ್ತು. ರಾತ್ರಿ ಇಂಥ ತಿರುವು ನಿಮಗೆ ಎರಡು ಮೂರು ಮಿಂಚು ಕಳೆದ ಮೇಲಷ್ಟೇ ಗೊತ್ತಾಗುತ್ತದೆ.

ಕಾರನ್ನು ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿಸಿ, ಹೊರಡುವಾಗ ತಿರುಗಿಸುವ ಗೋಜಿರಬಾರದು. ಓಡುವುದಾದರೆ ಅದರ ಹಾದಿಗೆ ಅಡ್ಡಲಾಗಿ, ಸಾಮಾನ್ಯವಾಗಿ ದಕ್ಷಿಣಕ್ಕೆ. ಮೇಲ್ಸೇತುವೆ ಕೆಳಗೆ ಹೋಗಿ ಅವಿತುಕೊಳ್ಳುವುದು ಬೇಡವೇ ಬೇಡ. 1999ರ ಮೇ 3ರಂದು ಒಕ್ಲಹಾಮದಲ್ಲಿ ಹಾಗೆ ಆಶ್ರಯ ಪಡೆದವರಲ್ಲಿ ಮೂವರು ಸತ್ತರು. ಸೇತುವೆಯಡಿ ಗಾಳಿ ಇನ್ನಷ್ಟು ಬಿಗಿಯಾಗುತ್ತದೆ.

ರೇಡಾರ್ ಆ್ಯಪ್ ಬಗ್ಗೆ ಒಂದೇ ಮಾತು: ಚಿತ್ರವನ್ನಲ್ಲ, ಅದರ ಮೇಲಿನ ಗಡಿಯಾರವನ್ನು ಮೊದಲು ನೋಡಿ. ಐದು ನಿಮಿಷ ಹಳೆಯ ಚಿತ್ರವಾದರೆ, ಗಂಟೆಗೆ 80 ಕಿ.ಮೀ. ಓಡುವ ಮೋಡ ಅಷ್ಟರಲ್ಲಿ ಆರೂವರೆ ಕಿ.ಮೀ. ಮುಂದೆ ಬಂದಿರುತ್ತದೆ. ನಿಮ್ಮ ಎಂಟು ಕಿ.ಮೀ. ಒಂದೂವರೆಗೆ ಇಳಿಯಿತು ಎಂದರ್ಥ. ಮೊಬೈಲ್ ಸಿಗ್ನಲ್ ಹೋದರೆ ಅಲ್ಲಿಗೆ ಆ ರಾತ್ರಿಯ ಕೆಲಸ ಮುಗಿಯಿತು. ಹವಾಮಾನ ರೇಡಿಯೊ ಹಾಕಿಕೊಂಡು ದಕ್ಷಿಣಕ್ಕೆ ಹೊರಡುವುದು.

ಕ್ಯಾಮೆರಾ ಸಿದ್ಧತೆ: ಕಾರಿನೊಳಗೆ ಕೂತೇ

ಟ್ರೈಪಾಡ್ ಹೊರಗೆ ಇಟ್ಟು ಪಕ್ಕದಲ್ಲಿ ನಿಂತ, ಬಿರುಗಾಳಿ ಬೆನ್ನಟ್ಟುವ ಚೇಸರ್‌ಗಳ ಚಿತ್ರ ನೋಡಿರುತ್ತೀರಿ. ನಾನೂ ನಿಂತಿದ್ದೇನೆ, ಈಗ ನಿಲ್ಲುವುದಿಲ್ಲ. ಮಳೆಯಿಂದ 15 ಕಿ.ಮೀ. ಆಚೆಗೂ ಸಿಡಿಲು ಬಡಿಯಬಲ್ಲದು. ಬಟಾಬಯಲಿನಲ್ಲಿ ಎಲ್ಲಕ್ಕಿಂತ ಎತ್ತರದ ವಸ್ತು ನೀವೂ ನಿಮ್ಮ ಟ್ರೈಪಾಡೂ. ಗಟ್ಟಿ ಚಾವಣಿಯ ಕಾರಿನೊಳಗೆ ಕೂತು, ಕಿಟಕಿ ಗಾಜು ಅರ್ಧ ಇಳಿಸಿ, ಅದರ ಮೇಲೆ ಎರಡು ಕಿಲೊ ಅಕ್ಕಿ ತುಂಬಿದ ಬಟ್ಟೆ ಚೀಲವಿಟ್ಟು ಕ್ಯಾಮೆರಾ ಕೂರಿಸಿ. ನನ್ನ ಚೀಲದಲ್ಲಿರುವುದು ಸೋನಾ ಮಸೂರಿ. ಅಂಗಡಿಯಲ್ಲಿ ಸಿಗುವ ಚೀಲಕ್ಕಿಂತ ಚೆನ್ನಾಗಿ ಕೂರುತ್ತದೆ, ಕೆಟ್ಟ ರಾತ್ರಿಯಲ್ಲಿ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಅನ್ನವೂ ಆದೀತು.

ಎಂಜಿನ್ ಆರಿಸಬೇಕೇ? ಬೇಡ, ನಡೆಯುತ್ತಿರಲಿ. ಅದುರಿದರೆ ಚಿತ್ರ ಕಲಸಿಹೋಗುತ್ತದಲ್ಲ ಎನ್ನಬಹುದು. ರಾತ್ರಿಯ ಚಿತ್ರವನ್ನು ಬರೆಯುವುದು ಶಟರ್ ಅಲ್ಲ, ಮಿಂಚು. ಶಟರ್ ನಾಲ್ಕು ಸೆಕೆಂಡ್ ತೆರೆದಿದ್ದರೂ ಬೆಳಕು ಬೀಳುವುದು ಮಿಂಚಿದ ಅರೆಗಳಿಗೆ ಮಾತ್ರ. ಅಗಲ ಕೋನದ ಲೆನ್ಸಿನಲ್ಲಿ ಆ ಅರೆಗಳಿಗೆಯ ಅದುರು ಲೆಕ್ಕಕ್ಕಿಲ್ಲ. ದೂರದ ತೋಟದಮನೆಯ ದೀಪವೊಂದು ಸ್ವಲ್ಪ ಹಿಗ್ಗಿ ಕಂಡೀತು, ಕಾಣಲಿ.

ಫೋಕಸ್ ಕೈಯಲ್ಲೇ ಮಾಡಬೇಕು, ಅದೂ ಸುಂಟರಗಾಳಿ ಬರುವ ಮೊದಲು. ಬಯಲಿನಲ್ಲಿ ರೇಡಿಯೊ ಟವರ್‌ಗಳ ಕೆಂಪು ದೀಪ ಎಲ್ಲಿಂದ ನೋಡಿದರೂ ಒಂದಾದರೂ ಸಿಗುತ್ತದೆ. ಲೈವ್ ವ್ಯೂನಲ್ಲಿ ಹತ್ತು ಪಟ್ಟು ಹಿಗ್ಗಿಸಿ, ಆ ಕೆಂಪು ಚುಕ್ಕೆ ಆದಷ್ಟು ಸಣ್ಣದಾಗುವವರೆಗೆ ಉಂಗುರ ತಿರುಗಿಸಿ, ಅಲ್ಲಿಗೆ ಟೇಪ್ ಅಂಟಿಸಿಬಿಡಿ. ಲೆನ್ಸ್ ಮೇಲೆ ಮುದ್ರಿಸಿದ ಅನಂತದ ಗುರುತನ್ನು ನಂಬಬೇಡಿ, ಬಹಳ ಲೆನ್ಸ್‌ಗಳಲ್ಲಿ ಉಂಗುರ ಅದನ್ನೂ ದಾಟಿ ತಿರುಗುತ್ತದೆ. ಮೊದಲ ವರ್ಷ ಆಟೊಫೋಕಸ್ ಆರಿಸುವುದು ಮರೆತು, ಕತ್ತಲಲ್ಲಿ ಲೆನ್ಸ್ ಜ್ಯೂಂ ಜ್ಯೂಂ ಎಂದು ಹಿಂದೆ ಮುಂದೆ ತಡಕಾಡುತ್ತಿದ್ದುದನ್ನು ಕೇಳುತ್ತ ಕೂತಿದ್ದೆ. ಅಷ್ಟರಲ್ಲಿ ಐದಾರು ಒಳ್ಳೆಯ ಮಿಂಚು ಹೋದವು.

ಮಿಕ್ಕದ್ದು ಬೇಗ ಹೇಳುತ್ತೇನೆ. ರಾ ಫೈಲ್ (ಕ್ಯಾಮೆರಾ ತಿದ್ದದೆ ಹಾಗೇ ಉಳಿಸುವ ಚಿತ್ರ). ವೈಟ್ ಬ್ಯಾಲೆನ್ಸ್ 4000 ಕೆಲ್ವಿನ್ ಆಸುಪಾಸು. ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಕಡ್ಡಾಯವಾಗಿ ಆಫ್, ಇಲ್ಲದಿದ್ದರೆ ನಾಲ್ಕು ಸೆಕೆಂಡಿನ ಪ್ರತಿ ಚಿತ್ರಕ್ಕೂ ಇನ್ನು ನಾಲ್ಕು ಸೆಕೆಂಡ್ ಕ್ಯಾಮೆರಾ ಕುರುಡಾಗುತ್ತದೆ. ಎಲೆಕ್ಟ್ರಾನಿಕ್ ಶಟರ್ ಬೇಡ, ಚಿತ್ರಕ್ಕೆ ಅಡ್ಡ ಪಟ್ಟೆ ಬಿದ್ದೀತು, ಮೆಕ್ಯಾನಿಕಲ್ ಇರಲಿ. ಮಿಂಚು ಕಂಡೊಡನೆ ಕ್ಲಿಕ್ ಮಾಡುವ ಟ್ರಿಗರ್ ಹಗಲಿಗೆ ಸರಿ, ರಾತ್ರಿಗೆ ದಂಡ. ಕೇಬಲ್ ರಿಲೀಸ್ ಗುಂಡಿ ಒತ್ತಿ ಲಾಕ್ ಮಾಡಿದರೆ ಕ್ಯಾಮೆರಾ ಒಂದರ ಹಿಂದೊಂದು ತೆಗೆಯುತ್ತಲೇ ಇರುತ್ತದೆ, ನಿಮ್ಮ ಕಣ್ಣು ಆಕಾಶದ ಮೇಲಿರಬಹುದು. ಸೆಕೆಂಡಿಗೊಂದರಂತೆ ಇಪ್ಪತ್ತು ನಿಮಿಷಕ್ಕೆ 1200 ಚಿತ್ರ. ಚಿತ್ರಕ್ಕೆ 30 ಎಂಬಿ ಎಂದರೂ 36 ಜಿಬಿ. ಖಾಲಿ ಕಾರ್ಡ್ ಹಾಕಿಕೊಂಡು ಕೂರಿ.

ಎಕ್ಸ್‌ಪೋಷರ್: ಒಂದು ಚಿತ್ರಕ್ಕೆ ಒಂದು ಮಿಂಚು

ಈ ವಿದ್ಯೆಯ ತಿರುಳು ಇಲ್ಲಿದೆ. ಒಂದು ಮಿಂಚೆಂದು ನಮಗೆ ಕಾಣುವುದರಲ್ಲಿ ಸಾಮಾನ್ಯವಾಗಿ ಮೂರು ನಾಲ್ಕು ಹೊಡೆತ ಇರುತ್ತವೆ, ನಡುವೆ ಸೆಕೆಂಡಿನ ಇಪ್ಪತ್ತನೇ ಒಂದರಷ್ಟು ಬಿಡುವು. ಕಣ್ಣಿಗೆ ಮಿಣಮಿಣ ಎನ್ನಿಸುವುದು ಅದಕ್ಕೇ. ಈ ಬೆಳಕು ಎಷ್ಟು ದಾಖಲಾಗಬೇಕು ಎಂಬುದನ್ನು ಅಪರ್ಚರ್ (ಲೆನ್ಸಿನ ಕಿಂಡಿಯ ಅಗಲ) ಮತ್ತು ಬೆಳಕಿಗೆ ಸೆನ್ಸರ್ ಎಷ್ಟು ಸೂಕ್ಷ್ಮ ಎಂದು ಹೇಳುವ ಐಎಸ್‌ಒ ತೀರ್ಮಾನಿಸುತ್ತವೆ. ಶಟರ್ ಎರಡು ಸೆಕೆಂಡೋ ಎಂಟೋ, ಮಿಂಚಿನ ಮಟ್ಟಿಗೆ ಎರಡೂ ಒಂದೇ. ಮದುವೆ ಮನೆಯಲ್ಲಿ ಫ್ಲಾಶ್ ಹಾಕಿ ತೆಗೆದವರಿಗೆ ಇದು ಹೊಸದಲ್ಲ.

ಹಾಗಾದರೆ ಶಟರ್ ಯಾತಕ್ಕೆ? ಒಂದು ಚಿತ್ರದಲ್ಲಿ ಎಷ್ಟು ಮಿಂಚು ಸೇರಬೇಕೆಂದು ನಿರ್ಧರಿಸಲು. ಸುಂಟರಗಾಳಿ ಗಂಟೆಗೆ 50 ಕಿ.ಮೀ. ವೇಗದಲ್ಲಿದ್ದರೆ ಸೆಕೆಂಡಿಗೆ 14 ಮೀಟರ್ ಸರಿಯುತ್ತದೆ. ಎಂಟು ಸೆಕೆಂಡಿನಲ್ಲಿ ನೂರು ಮೀಟರಿಗೂ ಹೆಚ್ಚು. ಅಷ್ಟರಲ್ಲಿ ಮೂರು ಮಿಂಚು ಹೊಡೆದರೆ ಒಂದೇ ಚಿತ್ರದಲ್ಲಿ ಮೂರು ಮಸುಕು ಸೊಂಡಿಲು ಒಂದರ ಮೇಲೊಂದು ಕೂರುತ್ತವೆ. ಅದಲ್ಲದೆ ಹಿಂದಿನ ಮಿಂಚಿಗೆ ಕಪ್ಪಾಗಿದ್ದ ಅಂಚನ್ನು ಮುಂದಿನ ಮಿಂಚು ಬೆಳಗಿಸಿ ಅಳಿಸಿಬಿಡುತ್ತದೆ. ಕಪ್ಪು ಹಲಗೆಯ ಮೇಲೆ ಬರೆದದ್ದನ್ನು ಒದ್ದೆ ಕೈಯಲ್ಲಿ ಒರೆಸಿದ ಹಾಗೆ.

ನಾನು ಶುರುಮಾಡುವುದು ಎಫ್ 2.8, ಐಎಸ್‌ಒ 800, ನಾಲ್ಕು ಸೆಕೆಂಡಿನಲ್ಲಿ, 24 ಅಥವಾ 35 ಎಂ.ಎಂ. ಲೆನ್ಸ್‌ನೊಂದಿಗೆ. ಮಿಂಚಿನ ಲಯ ನೋಡಿ ಶಟರ್ ಬದಲಿಸಿ. ಸೆಕೆಂಡಿಗೊಂದು ಬಡಿಯುತ್ತಿದ್ದರೆ ಅರ್ಧ ಸೆಕೆಂಡಿಗೆ ಇಳಿಸಿ. ಹತ್ತು ಸೆಕೆಂಡಿಗೊಂದು ಬಂದರೆ ಎಂಟರವರೆಗೆ ಹೋಗಿ. ಮೋಡ ಹತ್ತಿರ ಬಂದಷ್ಟೂ ಐಎಸ್‌ಒ ಇಳಿಸಬೇಕು: ದೂರ ಹತ್ತರಿಂದ ಐದು ಕಿ.ಮೀ.ಗೆ ಬಂದರೆ ಬೆಳಕು ಹೆಚ್ಚುಕಡಿಮೆ ನಾಲ್ಕು ಪಟ್ಟು, ಅಂದರೆ ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ). ಇದನ್ನು ಓದಿ ತಲೆಯಾಡಿಸುವುದು ಸುಲಭ. ಆ ಹೊತ್ತಿನಲ್ಲಿ ಐಎಸ್‌ಒ 3200ರಲ್ಲೇ ಬಿಟ್ಟು, ಇಡೀ ರಾತ್ರಿ ಸೊಂಡಿಲು ಚೆನ್ನಾಗಿ ಕಂಡ ಒಂದೇ ಒಂದು ಚಿತ್ರವನ್ನು ಹಾಲು ಚೆಲ್ಲಿದ ಹಾಗೆ ಬೆಳ್ಳಗೆ ಮಾಡಿಕೊಂಡವನು ನಾನು. ಪ್ರತಿ ಐದು ನಿಮಿಷಕ್ಕೊಮ್ಮೆ ಹಿಸ್ಟೊಗ್ರಾಮ್ (ಚಿತ್ರದಲ್ಲಿ ಕಪ್ಪು ಎಷ್ಟು, ಬಿಳಿ ಎಷ್ಟು ಎಂದು ತೋರಿಸುವ ಗ್ರಾಫ್) ನೋಡಿ. ಸ್ವಲ್ಪ ಕಪ್ಪಾಗಿದ್ದರೆ ಆಮೇಲೆ ಎತ್ತಿಕೊಳ್ಳಬಹುದು, ಸುಟ್ಟುಹೋದ ಬಿಳಿಗೆ ಮದ್ದಿಲ್ಲ.

ಮಿಂಚಿನಲ್ಲೂ ಜಾತಿ ಇದೆ. ಮೋಡದೊಳಗೇ ಹರಡುವ ಮಿಂಚು ನಮ್ಮ ನಿಜವಾದ ದೀಪ. ಮೆತ್ತಗಿನ ಬೆಳಕು, ಇಡೀ ಪರದೆ ಬೆಳಗುತ್ತದೆ. ನೆಲಕ್ಕೆ ಬಡಿಯುವ ಸಿಡಿಲು ಚಿತ್ರದೊಳಗೆ ಬಂದರೆ ನೋಡಲು ಚೆಂದ, ಆದರೆ ಸುಂಟರಗಾಳಿಯ ಪಕ್ಕದಲ್ಲೇ ಬಿದ್ದರೆ ಕಣ್ಣು ಅದರ ಕಡೆಗೇ ಹೋಗುತ್ತದೆ.

ಕಂಡದ್ದು ಸುಂಟರಗಾಳಿಯೇ?

ಬಹಳ ಸಲ ಅಲ್ಲ. ಜೋತುಬಿದ್ದ ಹರಕು ಮೋಡ, ಮಳೆಯ ಕಂಬ, ಎಲ್ಲವೂ ಒಂದು ಮಿಂಚಿಗೆ ಸೊಂಡಿಲಾಗಿಯೇ ಕಾಣುತ್ತವೆ. ಒಂದೇ ಮಿಂಚನ್ನು ನಂಬಬೇಡಿ. ಮೂರು ನಾಲ್ಕು ಮಿಂಚಿನವರೆಗೆ ಅಂಚು ಹೋಲಿಸಿ: ಎರಡೂ ಬದಿ ನುಣುಪಾಗಿ ಉಳಿದು, ಆಕಾರ ಕಾಯ್ದುಕೊಂಡು, ಜಾಗ ಮಾತ್ರ ಬದಲಿಸಿದರೆ ಅನುಮಾನ ಗಟ್ಟಿ. ಬುಡದಲ್ಲಿ ಹಸಿರು ನೀಲಿ ಬೆಳಕು ಫಕ್ಕೆಂದು ಹೊಳೆದರೆ ಅದು ಮಿಂಚಲ್ಲ. ವಿದ್ಯುತ್ ತಂತಿ, ಟ್ರಾನ್ಸ್‌ಫಾರ್ಮರ್‌ಗಳು ಹರಿದು ಸಿಡಿಯುವ ಬೆಳಕು, ಮೇಲಿಂದ ಬರುವುದಿಲ್ಲ, ನೆಲದಿಂದ ಏಳುತ್ತದೆ. ಅಲ್ಲಿ ಬಿರುಗಾಳಿ ನೆಲ ಮುಟ್ಟಿದೆ, ಯಾರದೋ ಊರು ಅಲ್ಲಿದೆ. ಆ ಕ್ಷಣ ಹವಾಮಾನ ಕಚೇರಿಗೆ ಫೋನ್ ಮಾಡುವುದು ಮೊದಲು, ಚಿತ್ರ ಆಮೇಲೆ.

ಸೊಂಡಿಲು ಎಡಕ್ಕೋ ಬಲಕ್ಕೋ ಸರಿಯದೆ ಇದ್ದಲ್ಲೇ ದಪ್ಪವಾಗುತ್ತ ಹೋದರೆ ಅದು ನಿಮ್ಮ ಕಡೆಗೇ ಬರುತ್ತಿದೆ. ಹೊರಡಿ. ಎರಡು ಮಿಂಚಿಗೆ ಕಾಣದೇ ಹೋದರೂ ಹೊರಡಿ. ಮಳೆಯೊಳಗೆ ಸುತ್ತಿಕೊಂಡ ಸುಂಟರಗಾಳಿಗಾಗಿ ಮೂರನೇ ಮಿಂಚು ಕಾಯುವುದು ಜೂಜು.

ಸಿಡಿಲಿನ ದೂರ ಅಳೆಯಲು ನನ್ನದು ಅಜ್ಜಿಯ ಲೆಕ್ಕ. ಗುಡುಗಿದಾಗ ಅಜ್ಜಿ ಅರ್ಜುನನ ಹತ್ತು ಹೆಸರು ಹೇಳಿಸುತ್ತಿದ್ದರು: ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ... ಧನಂಜಯದವರೆಗೆ ಸಮಾಧಾನವಾಗಿ ಹೇಳಿದರೆ ಸುಮಾರು ಒಂಬತ್ತು ಸೆಕೆಂಡ್. ಶಬ್ದ ಒಂದು ಕಿ.ಮೀ. ಬರಲು ಮೂರು ಸೆಕೆಂಡ್ ಬೇಕು. ಹತ್ತು ಹೆಸರು ಮುಗಿಯುವ ಮೊದಲೇ ಗುಡುಗಿದರೆ ಸಿಡಿಲು ಮೂರು ಕಿ.ಮೀ. ಒಳಗಿದೆ: ಕ್ಯಾಮೆರಾ ಒಳಗೆ, ಗಾಜು ಮೇಲೆ. ಮಿಂಚು ಎಡೆಬಿಡದೆ ಆಡುವಾಗ ಯಾವ ಗುಡುಗು ಯಾವ ಮಿಂಚಿನದೆಂದು ತಿಳಿಯುವುದಿಲ್ಲ, ಹಾಗಾಗಿ ನೆಲಕ್ಕೆ ಬಡಿದದ್ದು ಕಂಡಾಗ ಮಾತ್ರ ಎಣಿಸಿ.

ಇಲ್ಲಿ ರಾತ್ರಿ ಹತ್ತಾದರೆ ಊರಲ್ಲಿ ಬೆಳಗ್ಗೆ ಎಂಟೂವರೆ. ಅಮ್ಮ ಕಾಫಿ ಮುಗಿಸಿ ಫೋನ್ ಮಾಡುವ ಹೊತ್ತು. "ಊಟ ಆಯ್ತೇನೋ? ಅದೇನು ಸದ್ದು?" "ಮಳೆ ಕಣಮ್ಮ." ಕೆಲಸದ ನಡುವೆ ಫೋನ್ ಎತ್ತಬೇಡಿ. ನಾನು ಎತ್ತುತ್ತೇನೆ, ಅದು ಬೇರೆ ಮಾತು.

ಅಭ್ಯಾಸ, ಆಮೇಲಿನ ಕೆಲಸ

ಕರ್ನಾಟಕದಲ್ಲಿದ್ದು ಇದನ್ನೆಲ್ಲ ಕಲಿಯಬೇಕೆನ್ನುವವರಿಗೆ ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗುಮಳೆ ಸಾಕು. ಆರ್‌ಸಿಸಿ ಮನೆಯೊಳಗೆ ಕೂತು, ಕಿಟಕಿಯಿಂದ, ದೂರದ ಮಿಂಚಿಗೆ ಎದುರಾಗಿ ನಿಂತ ನೀರಿನ ಟ್ಯಾಂಕನ್ನೋ ತೆಂಗಿನ ಮರವನ್ನೋ ಕಪ್ಪು ಆಕೃತಿಯಾಗಿ ತೆಗೆಯಿರಿ. ಫೋಕಸ್, ಲಯ, ಐಎಸ್‌ಒ ಮೂರೂ ಅಲ್ಲೇ ಪಳಗುತ್ತವೆ. ತಾರಸಿಗೆ ಹೋಗಬೇಡಿ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನವರ ದಾಮಿನಿ ಆ್ಯಪ್ ಸಿಡಿಲು ಎಲ್ಲಿ ಬೀಳುತ್ತಿದೆ ಎಂದು ತೋರಿಸುತ್ತದೆ.

ಚಿತ್ರ ತಿದ್ದುವಾಗ ನೆರಳನ್ನು ಎರಡು ಸ್ಟಾಪಿಗಿಂತ ಹೆಚ್ಚು ಎತ್ತಿದರೆ ಮೋಡದ ಜಾಗದಲ್ಲಿ ರಾಗಿ ಹಿಟ್ಟು ಚೆಲ್ಲಿದಂತಾಗುತ್ತದೆ. ಬೇರೆ ಬೇರೆ ಮಿಂಚಿನ ಚಿತ್ರಗಳನ್ನು ಒಂದಾಗಿ ಕೂಡಿಸಿ ಒಂದೇ ಕ್ಲಿಕ್ ಎಂದು ಹಾಕುವವರಿದ್ದಾರೆ. ಕೂಡಿಸಿದ್ದರೆ ಕೂಡಿಸಿದ್ದೇನೆ ಎಂದು ಬರೆಯಿರಿ.

ಇನ್ನೊಂದು ಕೆಲಸ ಹೊರಡುವ ಮೊದಲೇ ಮಾಡಿರಬೇಕು: ಕ್ಯಾಮೆರಾ ಗಡಿಯಾರವನ್ನು ಫೋನ್ ಸಮಯಕ್ಕೆ ಸೆಕೆಂಡಿನವರೆಗೆ ಹೊಂದಿಸುವುದು. ಬೆಳಗಾದ ಮೇಲೆ ಹವಾಮಾನ ಸೇವೆಯವರು ಹಾನಿಯ ಹಾದಿ ಅಳೆಯಲು ಬರುತ್ತಾರೆ. ನಿಂತ ಜಾಗ, ನೋಡಿದ ದಿಕ್ಕು, ಸಮಯ, ಈ ಮೂರು ಬರೆದ ಚಿತ್ರ ಮಸುಕಾಗಿದ್ದರೂ ಅವರ ಕೆಲಸಕ್ಕೆ ಬರುತ್ತದೆ. ನನ್ನ ಬೆಳ್ಳಗಾದ ಚಿತ್ರವನ್ನೂ ಕಳಿಸಿದ್ದೆ. 10:14ಕ್ಕೆ ವಾಯವ್ಯದಲ್ಲಿ ಏನೋ ಇತ್ತು ಎಂಬಷ್ಟು ಅದರಲ್ಲೂ ಕಾಣುತ್ತಿತ್ತು.